ಆರ್‌ಎಕ್ಸ್ 100ಕ್ಕೆ ಬೇರೆ ಆಯಿಲ್ ಟ್ಯಾಂಕ್ ಕೂಡಿಸುವವರು ಮೊದಲು ಇದನ್ನು ಓದಿರಿ

ಕಲಬುರಗಿಯ ಒಂದು ಹಳೇ ಯಮಹಾ ಆರ್‌ಎಕ್ಸ್ 100 ಜೇವರ್ಗಿ ರಸ್ತೆಯಲ್ಲಿ ಓಡುತ್ತಿದ್ದಾಗಲೇ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಓಡಿಸುತ್ತಿದ್ದ ಹುಡುಗ ತಕ್ಷಣ ಕ್ಲಚ್ ಹಿಡಿದದ್ದಕ್ಕೆ ಬಚಾವಾದ. ಗಾಡಿಯನ್ನು ಟಂಟಂನಲ್ಲಿ ಹಾಕಿಕೊಂಡು ಗ್ಯಾರೇಜಿಗೆ ತಂದು ಬಿಚ್ಚಿದರೆ, ಆಯಿಲ್ ಟ್ಯಾಂಕ್ ಕುತ್ತಿಗೆವರೆಗೆ ತುಂಬಿತ್ತು, ಪಂಪೂ ಸರಿಯಿತ್ತು, ಆದರೆ ಬ್ಲಾಕಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನೊಳಗೆ, ಎಣ್ಣೆಯ ಪಸೆಯೇ ಇರಲಿಲ್ಲ. ಸೈಲೆನ್ಸರ್ ಕಡೆಗೆ ಪಿಸ್ಟನ್ ಮೇಲಿಂದ ಕೆಳಗಿನವರೆಗೆ ಗೀರಿತ್ತು. ಕರಗಿದ ಅಲ್ಯೂಮಿನಿಯಂ ಬ್ಲಾಕಿನ ಗೋಡೆಗೆ ಮೆತ್ತಿಕೊಂಡು ರಿಂಗುಗಳು ತಮ್ಮ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಕಾರಣ ಹುಡುಕುತ್ತ ಹೋದರೆ ಕೊನೆಗೆ ಸಿಕ್ಕಿದ್ದು, ಕೆಲವೇ ದಿನದ ಹಿಂದೆ ಕೂಡಿಸಿದ್ದ ಹೊಸ ಆಯಿಲ್ ಟ್ಯಾಂಕ್.

ಆರ್‌ಎಕ್ಸ್ 100 ತಯಾರಾದದ್ದು 1985ರಿಂದ 1996ರವರೆಗೆ. ಅಂದರೆ ಕಂಪನಿಯಿಂದ ಬಂದ ಟ್ಯಾಂಕ್ ಇನ್ನೂ ಉಳಿದಿದ್ದರೆ ಅದಕ್ಕೆ ಮೂವತ್ತರಿಂದ ನಲವತ್ತರ ಆಸುಪಾಸು ವಯಸ್ಸು. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಬಿಸಿಲಿಗೆ ನಿಂತು ನಿಂತು ಪ್ಲಾಸ್ಟಿಕ್ ಪೆಡಸಾಗುತ್ತದೆ, ಬೋಲ್ಟ್ ಕೂಡುವ ಕಿವಿ ಮುರಿಯುತ್ತದೆ, ಎಣ್ಣೆ ಹೊರಬರುವ ಕೆಳಗಿನ ಮೂತಿಯ, ಅಂದರೆ ನಿಪ್ಪಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಜಿನುಗುತ್ತದೆ. ಗುಜರಿಯಲ್ಲಿ ಚಲೋ ಹಳೇ ಟ್ಯಾಂಕ್ ಸಿಗುವುದು ಕಡಿಮೆ. ಹಾಗಾಗಿ ಆಮೇಲೆ ಬಂದ 135 ಸಿಸಿ ಗಾಡಿಯ ಟ್ಯಾಂಕನ್ನೋ, ಅದನ್ನು ನೋಡಿ ಹೊಸದಾಗಿ ಅಚ್ಚು ಹಾಕಿದ ಟ್ಯಾಂಕನ್ನೋ ಕೊಡುತ್ತಾರೆ. ಕೇಳಿದರೆ "ಎಲ್ಲಾ ಒಂದೇ ಅದಾವ್ರಿ, ಚಂದ ಕುಂದರ್ತದ" ಎನ್ನುತ್ತಾರೆ. ಸೈಡ್ ಪ್ಯಾನೆಲ್ ಹಿಂದೆ ಅದು ಕೂಡುತ್ತದೆ ಎನ್ನುವುದೇನೋ ನಿಜ. ಎಣ್ಣೆ ಸರಿಯಾಗಿ ಇಳಿಯುತ್ತದೋ ಇಲ್ಲವೋ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಈ ಟೂ-ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಪೆಟ್ರೋಲಿನ ಜೊತೆ ಬರುವುದಿಲ್ಲ. ಬಲಗಡೆ ಕ್ರ್ಯಾಂಕ್‌ಕೇಸ್ ಕವರಿನಲ್ಲಿರುವ ಆಟೋಲ್ಯೂಬ್ ಪಂಪ್ ಟ್ಯಾಂಕಿನಿಂದ ಅದನ್ನು ತೆಗೆದುಕೊಂಡು, ಸಣ್ಣ ಪೈಪಿನ ಮೂಲಕ ಕಾರ್ಬ್ಯುರೇಟರ್ ಕಡೆಯ ಹಾದಿಗೆ ತಳ್ಳುತ್ತದೆ. ಎಕ್ಸಿಲೇಟರ್ ಕೇಬಲ್ ಮಧ್ಯದಲ್ಲಿ ಕವಲೊಡೆದು ಒಂದು ಎಳೆ ಕಾರ್ಬ್ಯುರೇಟರಿಗೆ, ಇನ್ನೊಂದು ಪಂಪಿಗೆ ಹೋಗುತ್ತದೆ. ಪಂಪ್ ಒಂದು ಹೊಡೆತಕ್ಕೆ ತಳ್ಳುವುದು ತೀರಾ ಸ್ವಲ್ಪ. ಟ್ಯಾಂಕಿನಿಂದ ಪಂಪಿನವರೆಗೆ ಎಣ್ಣೆ ತನ್ನ ತೂಕದಿಂದಲೇ ಇಳಿಯಬೇಕು. ಆ ಇಳಿಯುವ ಒತ್ತಡ ಬಹಳ ಕಡಿಮೆ, ಆದ್ದರಿಂದ ಟ್ಯಾಂಕಿನ ಆಕಾರ, ಮುಚ್ಚಳ, ಪೈಪಿನ ದಾರಿ ಇವೆಲ್ಲ ಪಂಪಿನಷ್ಟೇ ಮುಖ್ಯ.

ಆ ಗಾಡಿಯಲ್ಲಿ ಟ್ಯಾಂಕಿನ ಕಿವಿಯ ತೂತು ಚಾಸಿಯ ಬ್ರ್ಯಾಕೆಟಿಗೆ ಹೊಂದಿರಲಿಲ್ಲ. ಕೂಡಿಸಿದವರು ತೂತನ್ನು ಅರದಿಂದ ಉದ್ದಕ್ಕೆ ತಿಕ್ಕಿ ಬೋಲ್ಟ್ ಬಿಗಿದಿದ್ದರು. ಟ್ಯಾಂಕ್ ವಾಲಿಕೊಂಡು ನಿಪ್ಪಲ್ ಚಾಸಿಯ ಪೈಪಿಗೆ ಒತ್ತಿತ್ತು. ಅಲ್ಲಿಂದ ರಬ್ಬರ್ ಪೈಪ್ ಮೊದಲು ಕೆಳಗಿಳಿದು, ಚಾಸಿಯ ಮೇಲೆ ಹತ್ತಿ, ಮತ್ತೆ ಪಂಪಿಗೆ ಇಳಿಯುತ್ತಿತ್ತು. ಎಂಜಿನ್ನನ್ನು ಕೊಂದ ಕಾರಣಗಳಲ್ಲಿ ನಡುವೆ ಎದ್ದ ಆ ಗೂನು ಮೊದಲನೆಯದು. ಪೈಪಿನಲ್ಲಿ ಎಣ್ಣೆ ಹರಿಯುವ ವೇಗ ಎಷ್ಟು ನಿಧಾನವೆಂದರೆ, ಗೂನಿನ ಮೇಲೆ ಸೇರಿದ ಗಾಳಿಗುಳ್ಳೆಯನ್ನು ಅದು ಮುಂದಕ್ಕೆ ತಳ್ಳಲಾರದು. ಗುಳ್ಳೆ ಅಲ್ಲೇ ಕೂತು ದೊಡ್ಡದಾಗುತ್ತದೆ. ಒಂದು ದಿನ ಜಾರಿ ಪಂಪಿಗಿಳಿದರೆ, ಅಷ್ಟು ಹೊತ್ತೂ ಪಂಪ್ ತಳ್ಳುವುದು ಬರೀ ಗಾಳಿ.

ಮುಚ್ಚಳದ್ದು ಇನ್ನೊಂದು ಕಥೆ. ಹಳೇ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ಹಾದಿ ಇರುತ್ತದೆ. ಈ ಹೊಸದರಲ್ಲಿ ಅಚ್ಚಿನ ಪ್ಲಾಸ್ಟಿಕ್ ಪೊರೆ ಅದನ್ನು ಪೂರ್ತಿ ಮುಚ್ಚಿತ್ತು, ಸೂಜಿ ಚುಚ್ಚಿದಾಗಲೇ ಗೊತ್ತಾಗಿದ್ದು. ಎಣ್ಣೆ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರದಿದ್ದರೆ ಒಳಗೆ ನಿರ್ವಾತ ಹುಟ್ಟಿ ಎಣ್ಣೆಯನ್ನು ಮೇಲಕ್ಕೇ ಹಿಡಿದಿಡುತ್ತದೆ. ಇಲ್ಲಿ ಒಂದು ಮಾತು ಗಮನಿಸಿರಿ: ಟ್ಯಾಂಕ್ ತುಂಬಿದ್ದಷ್ಟೂ ಅಪಾಯ ಬೇಗ ಬರುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಹಿಗ್ಗಲು ಗಾಳಿಯಾದರೂ ಇರುತ್ತದೆ. ಕುತ್ತಿಗೆವರೆಗೆ ತುಂಬಿದ್ದರಲ್ಲಿ ಕೆಲವೇ ಮಿ.ಲೀ. ಇಳಿದರೂ ಹರಿವು ನಿಲ್ಲುತ್ತದೆ. ಫುಲ್ ಟ್ಯಾಂಕ್ ಇದ್ದೂ ಎಂಜಿನ್ ಒಣಗಿದ್ದು ಹೀಗೆ.

ಮೂರನೆಯದು, ನಿಪ್ಪಲ್ ಸಣ್ಣದು, ಪೈಪ್ ದೊಡ್ಡದು. ಬಿಗಿಯಲು ತಂತಿ ಸುತ್ತಿದ್ದರು. ಒಳಗೆ ಎಳೆತ ಇದ್ದಾಗ ಇಂಥ ಜೋಡಣೆ ಹೊರಗೆ ಹನಿ ಎಣ್ಣೆಯನ್ನೂ ತೋರಿಸದೆ ಗಾಳಿ ಸೆಳೆಯುತ್ತದೆ. ಸೋರುತ್ತಿಲ್ಲ ಎಂದಮಾತ್ರಕ್ಕೆ ಸರಿಯಿದೆ ಎಂದು ತಿಳಿಯಬೇಡಿ. ಮೇಲಾಗಿ ಹಾಕಿದ್ದದ್ದು ಪಾರದರ್ಶಕ ಪ್ಲಾಸ್ಟಿಕ್ ನಳಿಕೆ. ಎಂಜಿನ್ ಬಿಸಿಗೆ ಅದು ಮೆತ್ತಗಾಗಿ ತಿರುವಿನಲ್ಲಿ ಚಪ್ಪಟೆಯಾಗುತ್ತದೆ, ತಣ್ಣಗಾದ ಮೇಲೆ ಕಟ್ಟಿಗೆಯಂತೆ ಗಟ್ಟಿಯಾಗುತ್ತದೆ.

ಇದಕ್ಕೆ ಮುನ್ಸೂಚನೆ ಇರುತ್ತದೆ, ಆದರೆ ಅದು ಒಳ್ಳೇ ಸುದ್ದಿಯ ವೇಷದಲ್ಲಿ ಬರುತ್ತದೆ. ಸೈಲೆನ್ಸರಿನ ಹೊಗೆ ಕಡಿಮೆಯಾಗುತ್ತದೆ, ಎಣ್ಣೆ ಖರ್ಚೇ ಇಲ್ಲದಂತಾಗುತ್ತದೆ, ಗಾಡಿ ಹಗುರಾಗಿ ಓಡಿದಂತೆ ಅನಿಸುತ್ತದೆ. ಟ್ಯಾಂಕ್ ಬದಲಿಸಿದ ಮೇಲೆ ಹೊಗೆ ನಿಂತರೆ ದಯವಿಟ್ಟು ಖುಷಿಪಡಬೇಡಿ, ಗಾಡಿ ನಿಲ್ಲಿಸಿರಿ. ಅದರ ನಂತರ ಬರುವುದು ಏರು ಹತ್ತುವಾಗ ಚಿಟಿಚಿಟಿ ಸದ್ದು, ಪೆಟ್ರೋಲ್ ಮುಗಿದಂತೆ ಎಳೆತ ಬೀಳುವುದು, ಅದಾದ ಮೇಲೆ ಜಾಮ್. ಎಳೆತ ಬಿದ್ದ ಗಳಿಗೆಯಲ್ಲೇ ಕ್ಲಚ್ ಹಿಡಿದು ಎಕ್ಸಿಲೇಟರ್ ಬಿಟ್ಟರೆ ಬ್ಲಾಕ್ ಉಳಿಯಬಹುದು.

ಬೇರೆ ಟ್ಯಾಂಕ್ ಹಾಕಲೇಬೇಕೆಂದರೆ ಹೀಗೆ ಮಾಡಿರಿ. ಹಳೇ ಟ್ಯಾಂಕನ್ನು ಎಸೆಯದೆ ಅಂಗಡಿಗೆ ಒಯ್ದು ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿರಿ: ಕಿವಿಗಳ ಅಂತರ, ನಿಪ್ಪಲ್ ಇರುವ ಜಾಗ ಮತ್ತು ಅದರ ದಿಕ್ಕು, ನಿಪ್ಪಲಿನ ಹೊರ ಅಳತೆ. ಕೊನೆಯದನ್ನು ವರ್ನಿಯರ್‌ನಿಂದಲೇ ಅಳೆಯಿರಿ. ಕಿವಿ ಹೊಂದದಿದ್ದರೆ ಟ್ಯಾಂಕಿಗೆ ಅರ ಹಾಕಬೇಡಿ, ಕಬ್ಬಿಣದ ಪಟ್ಟಿಯಿಂದ ಬೇರೆ ಬ್ರ್ಯಾಕೆಟ್ ಮಾಡಿಸಿ ನಡುವೆ ರಬ್ಬರ್ ವಾಷರ್ ಕೊಡಿ. ನಿಪ್ಪಲ್ ಟ್ಯಾಂಕಿನ ಅತಿ ಕೆಳಗಿನ ಬಿಂದುವಾಗಬೇಕು, ಪೈಪ್ ಅಲ್ಲಿಂದ ಪಂಪಿನವರೆಗೆ ಎಲ್ಲೂ ಮೇಲೇರದೆ ಇಳಿಜಾರಾಗಿ ಬರಬೇಕು. ಅದಾಗದ ಟ್ಯಾಂಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ವಾಪಸ್ ಕೊಟ್ಟುಬಿಡಿ. ಎಣ್ಣೆಗೆ ತಡೆಯುವ ನೈಟ್ರೈಲ್ ರಬ್ಬರ್ ಪೈಪ್, ಎರಡೂ ತುದಿಗೆ ಸ್ಪ್ರಿಂಗ್ ಕ್ಲಿಪ್ ಹಾಕಿರಿ, ಸೈಲೆನ್ಸರಿಗೂ ಬ್ಲಾಕಿನ ರೆಕ್ಕೆಗಳಿಗೂ ತಾಕದಂತೆ ನೋಡಿಕೊಳ್ಳಿ.

ಹೊಸ ಟ್ಯಾಂಕಿನೊಳಗೆ ಅಚ್ಚಿನ ಪ್ಲಾಸ್ಟಿಕ್ ಚೂರು ಇದ್ದೇ ಇರುತ್ತದೆ. ಸ್ವಲ್ಪ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿ, ಪೂರ್ತಿ ಒಣಗಿಸಿ, ಕೊನೆಗೆ ಒಂದಿಷ್ಟು 2ಟಿ (ಟೂ-ಸ್ಟ್ರೋಕ್) ಎಣ್ಣೆಯಲ್ಲೂ ತೊಳೆಯಿರಿ. ಶಹಾಬಾದ್ ಕಡೆಯ ಪರಸಿ ಕಲ್ಲಿನ ದೂಳಿನಲ್ಲಿ ಓಡುವ ಗಾಡಿಯಾದರೆ ಮುಚ್ಚಳ ತೆಗೆಯುವ ಮೊದಲು ಸುತ್ತ ಒರೆಸುವುದನ್ನು ರೂಢಿ ಮಾಡಿಕೊಳ್ಳಿ, ಆ ಪಂಪಿನ ಒಳಗೆ ಒಂದು ಕಣಕ್ಕೂ ಜಾಗವಿಲ್ಲ.

ಪೈಪನ್ನು ಪಂಪಿಗೆ ಕೂಡಿಸುವ ಮುಂಚೆ ಒಂದು ಪರೀಕ್ಷೆ ಮಾಡಬೇಕು, ಇದನ್ನು ಬಿಡಲೇಬಾರದು. ಟ್ಯಾಂಕ್ ತುಂಬಿ, ಮುಚ್ಚಳ ಬಿಗಿಯಾಗಿ ಹಾಕಿ, ಪೈಪಿನ ತುದಿಯನ್ನು ಪಂಪಿನ ಎತ್ತರದಲ್ಲೇ ಒಂದು ಬಾಟಲಿಗೆ ಬಿಡಿ. ಹತ್ತು ನಿಮಿಷ ಧಾರೆ ಒಂದೇ ಸಮ ಬರಬೇಕು. ಸಣ್ಣಗಾಗುತ್ತ ಹೋಗಿ, ಮುಚ್ಚಳ ಸಡಿಲಿಸಿದ ಕೂಡಲೇ ಮತ್ತೆ ಜೋರಾದರೆ ಗಾಳಿ ಹಾದಿ ಮುಚ್ಚಿದೆ ಎಂದೇ ಅರ್ಥ. ಕಾಲು ಭಾಗ ಎಣ್ಣೆಯಲ್ಲಿ ಇನ್ನೊಮ್ಮೆ ನೋಡಿರಿ. ಚಳಿಗಾಲದಲ್ಲಿ ಬೀದರ್ ಕಡೆ ಬೆಳಗಿನ ಜಾವ ಎಣ್ಣೆ ಮಂದವಾಗುತ್ತದೆ, ಅಲ್ಲಿನವರು ಈ ಪರೀಕ್ಷೆಯನ್ನು ತಣ್ಣನೆಯ ಹೊತ್ತಿನಲ್ಲೇ ಮಾಡಿದರೆ ಒಳ್ಳೆಯದು. ಎಣ್ಣೆ ಜಾಸೋ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ 2ಟಿ ಆಗಿರಲಿ. ಫೋರ್-ಸ್ಟ್ರೋಕ್ ಗಾಡಿಯ 20ಡಬ್ಲ್ಯೂ-40 ಇದರಲ್ಲಿ ನಡೆಯುವುದಿಲ್ಲ.

ಆಮೇಲೆ ಗಾಳಿ ತೆಗೆಯುವುದು. ಮೊದಲು ಪೆಟ್ರೋಲ್ ಟ್ಯಾಂಕಿನಲ್ಲಿ ಲೀಟರಿಗೆ 25ರಿಂದ 30 ಮಿ.ಲೀ. 2ಟಿ ಎಣ್ಣೆ ಬೆರೆಸಿರಿ, ಪಂಪ್ ಕೈಕೊಟ್ಟರೂ ಎಂಜಿನ್ ಉಳಿಯಲಿ. ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಕಾಯಿರಿ, ಸ್ಕ್ರೂ ಕೆಳಗಿನ ವಾಷರ್ ಬೀಳದಂತೆ ಮತ್ತೆ ಬಿಗಿಯಿರಿ. ಇಷ್ಟಕ್ಕೇ ಬಿಡುವವರೇ ಹೆಚ್ಚು, ಪಂಪಿನಿಂದ ಮುಂದಕ್ಕೆ ಹೋಗುವ ಸಣ್ಣ ಪೈಪಿನಲ್ಲಿ ಇನ್ನೂ ಗಾಳಿ ಇರುತ್ತದೆ. ಎಂಜಿನ್ ಚಾಲೂ ಮಾಡಿ, ಐಡ್ಲಿಂಗಿನಲ್ಲೇ ಪಂಪಿನ ಕೇಬಲನ್ನು ಮಾತ್ರ ಕೈಯಿಂದ ಪೂರ್ತಿ ಎಳೆದು ಹಿಡಿಯಿರಿ. ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬಂದಾಗ ಎಣ್ಣೆ ಒಳಗೆ ಮುಟ್ಟಿದೆ. ಕೊನೆಗೆ ಪಂಪ್ ಪುಲಿಯ ಗುರುತು ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಎಕ್ಸಿಲೇಟರ್ ಸ್ಥಿತಿಯಲ್ಲಿ ಹೊಂದುತ್ತದೆಯೇ ನೋಡಿ ಕೇಬಲ್ ಸರಿಮಾಡಿರಿ.

ಬೆರೆಸಿದ ಪೆಟ್ರೋಲಿನಲ್ಲೇ ಊರೊಳಗೆ ಓಡಿಸಿ ಖರ್ಚನ್ನು ಅಳೆಯಿರಿ. ಆಯಿಲ್ ಟ್ಯಾಂಕಿನ ಮೇಲೆ ಎಣ್ಣೆ ಮಟ್ಟಕ್ಕೆ ಟೇಪ್ ಅಂಟಿಸಿ, ಎರಡು ಲೀಟರ್ ಪೆಟ್ರೋಲ್ ಮುಗಿದ ಮೇಲೆ, ಸಿರಿಂಜಿನಿಂದ ಅಳೆದು ಅದೇ ಮಟ್ಟಕ್ಕೆ ಎಣ್ಣೆ ತುಂಬಿರಿ. ಲೀಟರಿಗೆ 20 ಮಿ.ಲೀ. ಆಸುಪಾಸು ಬಂದರೆ ನಿಶ್ಚಿಂತೆ. 10ಕ್ಕಿಂತ ಕೆಳಗಿದ್ದರೆ ಬೆರೆಸುವುದನ್ನು ನಿಲ್ಲಿಸದೆ ದೋಷ ಹುಡುಕಿರಿ. ಈ ಅಳತೆ ಮುಗಿಯುವವರೆಗೆ ಹುಮನಾಬಾದ್, ಬೀದರ್ ಕಡೆ ಹೈವೇ ಹತ್ತಬೇಡಿ.

ಈಗಾಗಲೇ ಜಾಮ್ ಆಗಿದ್ದರೆ ಬರೀ ಪಿಸ್ಟನ್ ಬದಲಿಸಿ ಕೈತೊಳೆದುಕೊಳ್ಳುವವರಿಗೆ ಗಾಡಿ ಕೊಡಬೇಡಿ. ಬ್ಲಾಕಿನ ಮೂಲ ಅಳತೆ 50 ಮಿ.ಮೀ., ಗೀರಿನ ಆಳ ನೋಡಿ ಲೇಥ್‌ನವರು 0.25 ಅಥವಾ 0.50 ಓವರ್‌ಸೈಜ್‌ಗೆ ಬೋರ್ ಮಾಡುತ್ತಾರೆ. ಪಿಸ್ಟನ್ ಮೊದಲು ತಂದುಕೊಟ್ಟು ಅದಕ್ಕೆ ತಕ್ಕಂತೆ ಬೋರ್ ಮಾಡಿಸಿರಿ. ಎಣ್ಣೆ ತಪ್ಪಿದ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಎರಡೂ ತುದಿಯ ಬೇರಿಂಗ್ ಒಣಗಿರುತ್ತವೆ. ರಾಡನ್ನು ನೇರ ಮೇಲೆ ಕೆಳಗೆ ಎಳೆದಾಗ ಕಟಕಟ ಆಟ ಸಿಕ್ಕರೆ ಕ್ರ್ಯಾಂಕ್ ಬಿಚ್ಚಿಸಲೇಬೇಕು. ಕ್ರ್ಯಾಂಕ್‌ಕೇಸಿನೊಳಗೆ ಬಿದ್ದ ಅಲ್ಯೂಮಿನಿಯಂ ಪುಡಿ ತೊಳೆಯದಿದ್ದರೆ ಹೊಸ ಬ್ಲಾಕೂ ಗೀರುತ್ತದೆ. ಹಾಗೆಯೇ, ಹಳೇ ಟ್ಯಾಂಕಿನ ಮುಚ್ಚಳ, ಬ್ರ್ಯಾಕೆಟ್, ಕ್ಲಿಪ್ ಯಾವುದನ್ನೂ ಗುಜರಿಗೆ ಹಾಕಬೇಡಿ, ಅವೇ ನಿಮ್ಮ ಅಳತೆಯ ಮಾದರಿ.