ಹೊಸ ಪೇಂಟ್ ಹೊಡೆದಿರೋ ಹಳೇ ಬ್ಯಾಂಡ್ ಸಾ ತಗೊಳ್ಳೋರು ದಯವಿಟ್ಟು ಇದನ್ನ ಓದ್ಬಿಡಿ

ಸೆಕೆಂಡ್ ಹ್ಯಾಂಡ್ ದೊಡ್ಡ ಬ್ಯಾಂಡ್ ಸಾ (ಮೇಲೊಂದು ಕೆಳಗೊಂದು ವೀಲಿಗೆ ಪಟ್ಟಿ ಥರದ ಬ್ಲೇಡ್ ಸುತ್ತಿ ಮರ ಕೊಯ್ಯೋ ಮಿಷನ್) ನೋಡ್ತಿದ್ರೆ ಅಡ್ವಾನ್ಸ್ ಕೊಡೋ ಮುಂಚೆ ಬ್ಲೇಡ್ ತೆಗೆಸಿ, ಮೇಲಿನ ವೀಲ್ ನೋಡಿ. ತೆಗೆಯಲ್ಲ ಅಂದ್ರೆ ಮಾತೇ ಬೇಡ, ಎದ್ದು ಬನ್ನಿ. ಇಷ್ಟು ಓದಿ ನಿಲ್ಲಿಸಿದ್ರೂ ಸಾಕು, ಮುಂದಿಂದು ನನ್ನ ಹೊಟ್ಟೆ ಉರಿ.

ನನಗೆ ಬೇಕಾಗಿದ್ದು ಅಗಲದ ದಿಮ್ಮಿ ಸೀಳೋ ಮಿಷನ್. ಇರೋ ಚಿಕ್ಕದ್ರಲ್ಲಿ ಸೀಳಿದ್ರೆ ಬ್ಲೇಡ್ ಒಳಗೊಳಗೇ ಬಾಗಿ ಹಲಗೆ ಡೊಂಕಾಗಿ ಬರ್ತಿತ್ತು. ಆಮೇಲೆ ರಂದ ಹೊಡೆದು ಹೊಡೆದು ಅರ್ಧ ಮರ ಪುಡಿ. ಆಗ ಸಿಕ್ಕಿದ್ದು ಈ ಪುಣ್ಯಾತ್ಮ. "36 ಇಂಚು ವೀಲ್ ಸಾರ್, ಫುಲ್ ರೀಕಂಡೀಷನ್, ಬೇರಿಂಗ್ ಹೊಸದು, ರಬ್ಬರ್ ಹೊಸದು, ಮೋಟರ್ 7.5 ಎಚ್‌ಪಿ, ನೀವು ತಗೊಂಡ್ಹೋಗಿ ಸ್ವಿಚ್ ಹಾಕೋದಷ್ಟೇ". ಮಿಷನ್ ನೋಡಿದ್ರೆ ಮದುಮಗನ ಕಳೆ, ಹಸಿರು ಪೇಂಟ್ ಮಿರಮಿರ ಅಂತಿದೆ. ಓಡಿಸಿ ತೋರಿಸ್ದ, ಟೇಬಲ್ ಮೇಲೆ ನಾಣ್ಯ ನಿಲ್ಲಿಸ್ದ, ಬೀಳ್ಲಿಲ್ಲ. ಒಂದು ತೆಳು ಹಲಗೆ ಕೊಟ್ಟು ಬಳ್ಳಿ ಬಳ್ಳಿಯಾಗಿ ಕೊಯ್ದು ಕೈಗಿಟ್ಟ.

ಆದ್ರೆ ಹಾಕಿದ್ದಿದ್ದು ಅರ್ಧ ಇಂಚು ಅಗಲದ ಬ್ಲೇಡು! ನಾನು ಕೇಳ್ದೆ ರೀ, ಕೇಳಿಲ್ಲ ಅಂತ ಯಾರೂ ಹೇಳ್ಬೇಡಿ, 2 ಇಂಚಿಂದು ಹಾಕಿ ದಪ್ಪ ಮರ ಸೀಳಿ ತೋರಿಸಿ ಅಂದೆ. "ಅಯ್ಯೋ ಅಗಲದ ಬ್ಲೇಡ್ ಸಾಣೆಗೆ ಹೋಗಿದೆ ಸಾರ್, ಇದೇ ಇಷ್ಟು ಚೆನ್ನಾಗಿ ಓಡ್ತಿದೆ, ಅದು ಓಡಲ್ವಾ?" ಅಂದ. ಓಡಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಅಂದ್ರೆ 2 ಇಂಚಿನ ಬ್ಲೇಡನ್ನ ಸರಿಯಾಗಿ ಎಳೆದು ಕಟ್ಟಿದ್ರೆ ಮೇಲಿನ ವೀಲ್ ಮೇಲೆ ಬೀಳೋ ಭಾರ ಅರ್ಧ ಟನ್ ದಾಟುತ್ತೆ, ಅರ್ಧ ಇಂಚಿನದ್ರಲ್ಲಿ ಅದ್ರ ಕಾಲು ಭಾಗವೂ ಬರಲ್ಲ. ಅಂದ್ರೆ ವೀಲಲ್ಲಿ ಏನೇ ರೋಗ ಇದ್ರೂ ಆಚೆ ಬರೋದೇ ಇಲ್ಲ.

ಶಾಪಿಗೆ ತಂದು ಕೂರಿಸಿ, ಅಗಲದ ಬ್ಲೇಡ್ ಹಾಕಿ ಟೆನ್ಷನ್ ಹ್ಯಾಂಡಲ್ ತಿರುಗಿಸಿ ಓಡಿಸಿದ್ರೆ ಬ್ಲೇಡ್ ಹಿಂದೆ ಮುಂದೆ ಹಿಂದೆ ಮುಂದೆ, ಒಂದು ಕಡೆ ನಿಲ್ತಾನೇ ಇಲ್ಲ, ಮಿಷನ್ ಪೂರ್ತಿ ಗಡಗಡ. ತಕ್ಷಣ ಆಫ್ ಮಾಡಿಸ್ದೆ. ಫಿಟ್ಟರ್ ಬಂದ, ಬ್ಲೇಡ್ ತೆಗೆದ, ಚಿಕ್ಕ ಸುತ್ತಿಗೆ ತಗೊಂಡು ಕೆಳಗಿನ ವೀಲಿಗೆ ಮೆಲ್ಲಗೆ ಬಡಿದ. ಟಣ್ ಅಂತು. ಮೇಲಿನದಕ್ಕೆ ಬಡಿದ. ಒಡೆದ ಮಡಕೆ ತಟ್ಟಿದ ಹಾಗೆ ದಬ್ ಅಂತು. ಮತ್ತೆ ಬಡಿದ, ಮತ್ತೆ ದಬ್. ನನ್ನ ಹುಡುಗರೆಲ್ಲ ಸುತ್ತ ನಿಂತಿದ್ರು, ಯಾರೂ ಮಾತಾಡ್ತಿಲ್ಲ, ಒಬ್ಬನಂತೂ ಬೇಕೂಂತಲೇ ಆ ಕಡೆ ತಿರುಗ್ಬಿಟ್ಟ. ಫಿಟ್ಟರ್ ಸ್ಕ್ರೂಡ್ರೈವರ್ ತುದೀಲಿ ವೀಲಿನ ಕಡ್ಡಿ ನಡುವಿನ ದಪ್ಪ ಭಾಗಕ್ಕೆ ಸೇರೋ ಜಾಗ ಕೆರೆದ. ಹಸಿರು ಪೇಂಟಿನ ಪದರ ಎದ್ದು ಬಂತು, ಅದರಡಿ ಬೂದು ಬಣ್ಣದ ಪುಟ್ಟಿ, ಚಕ್ಕೆ ಚಕ್ಕೆಯಾಗಿ ಉದುರ್ತು, ಅದರಡಿ ಬಿರುಕು. ಉಗುರು ಸಿಕ್ಕಿಕೊಳ್ಳೋ ಅಷ್ಟು ಬಿರುಕು! ಕಾಸ್ಟ್ ಐರನ್ ವೀಲು, ನಿಮಿಷಕ್ಕೆ 600 ಸುತ್ತು ಅಂದ್ರೆ ಅಂಚು ಸೆಕೆಂಡಿಗೆ ಸುಮಾರು 29 ಮೀಟರ್ ವೇಗದಲ್ಲಿ ಓಡುತ್ತೆ. ಅದು ಓಡುವಾಗ ಒಡೆದಿದ್ರೆ ಮುಂದೆ ನಿಂತವನ ಗತಿ? ಪುಟ್ಟಿ ಮೆತ್ತಿದ ಕೈಗೆ ಅದು ಗೊತ್ತಿರ್ಲಿಲ್ವಾ?

ಇನ್ನು ಅವನ ಉತ್ತರ ಕೇಳಿ. ಫೋಟೋ ಕಳಿಸಿದ್ರೆ ಮೊದ್ಲು "ಅದು ಬಿರುಕಲ್ಲ ಸಾರ್, ಎರಕದ ಗೆರೆ, ಎಲ್ಲಾ ಮಿಷನ್ನಲ್ಲೂ ಇರುತ್ತೆ". ಎರಕದ ಗೆರೆಗೆ ಯಾರಪ್ಪ ಪುಟ್ಟಿ ತುಂಬ್ತಾರೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು "ನೀವು ಓವರ್ ಟೈಟ್ ಮಾಡಿ ಒಡೆದಿದ್ದೀರ, ನಮ್ಮಲ್ಲಿ ಚೆನ್ನಾಗಿತ್ತು". ನಾನು ಒಡೆದಿದ್ರೆ ಪುಟ್ಟಿ ಒಳಗೆ, ಪೇಂಟ್ ಮೇಲೆ ಹೇಗೆ ಬಂತು ಮಾರಾಯ? ಅದಕ್ಕೆ ಉತ್ತರ ಇಲ್ಲ. ಆಮೇಲೆ "ಹಳೇ ಮಾಲು ಅಂದ್ಮೇಲೆ ಸಣ್ಣ ಪುಟ್ಟದು ಇದ್ದಿದ್ದೇ, ನೀವು ನೋಡಿ ತಾನೇ ತಗೊಂಡಿದ್ದು". ಸಣ್ಣ ಪುಟ್ಟದಂತೆ!

ಸಿಟ್ಟಿಗೆ ಮೋಟರನ್ನೂ ನೋಡೇಬಿಡೋಣ ಅಂತ ನೇಮ್‌ಪ್ಲೇಟ್ ಮೇಲಿನ ಪೇಂಟನ್ನ ಥಿನ್ನರ್ ಹಾಕಿ ಒರೆಸಿದ್ರೆ 3.7 ಕಿಲೋವ್ಯಾಟ್ ಅಂತ ಎದ್ದು ಕಾಣುತ್ತೆ. ಅಂದ್ರೆ 5 ಎಚ್‌ಪಿ. 7.5 ಆಗ್ಬೇಕಿದ್ರೆ 5.5 ಕಿಲೋವ್ಯಾಟ್ ಇರ್ಬೇಕಿತ್ತು. ಕೇಳಿದ್ರೆ "ರೀವೈಂಡ್ ಮಾಡಿ ಪವರ್ ಜಾಸ್ತಿ ಮಾಡಿದೀವಿ ಸಾರ್". ಬೇರಿಂಗ್ ಮಾತ್ರ ನಿಜಕ್ಕೂ ಹೊಸದೇ ಹಾಕಿದ್ದಾನೆ, ಅದೊಂದು ಯಾಕೆ ಅಂತ ಇನ್ನೂ ಅರ್ಥ ಆಗಿಲ್ಲ.

ಹಾಗಾಗಿ ಹೋಗುವಾಗ ಜೇಬಲ್ಲಿ ಸುತ್ತಿಗೆ ಇಟ್ಕೊಳ್ಳಿ, ಎರಡೂ ವೀಲ್ ಬಡಿದು ಕೇಳಿ. ನಿಮಗೆ ಬೇಕಾದ ಅಗಲದ ಬ್ಲೇಡ್ ನೀವೇ ತಗೊಂಡ್ಹೋಗಿ, ಅವರ ಬ್ಲೇಡ್ ಸಾಣೆಯಿಂದ ಯಾವತ್ತೂ ವಾಪಸ್ ಬರಲ್ಲ. ಬ್ಲೇಡಿನ ದಪ್ಪ ವೀಲಿನ ಅಡ್ಡಳತೆಯ ಸಾವಿರದಲ್ಲಿ ಒಂದು ಪಾಲು ದಾಟ್ಬಾರ್ದು, 36 ಇಂಚಿಗೆ 0.9 ಮಿಲಿಮೀಟರ್ ಲೆಕ್ಕ. ಬ್ಲೇಡ್ ಅಲುಗಾಡದ ಹಾಗೆ ಹಿಡಿಯೋ ಮೇಲಿನ ಗೈಡನ್ನ ಕೆಳಗಿಂದ ಪೂರ್ತಿ ಮೇಲಕ್ಕೆ ಎತ್ತಿ ನೋಡಿ, ಬ್ಲೇಡಿಂದ ಪಕ್ಕಕ್ಕೆ ಸರಿದ್ರೆ ಅದು ಎತ್ತರದ ಮರಕ್ಕೆ ಆಗಿ ಬರಲ್ಲ. ರೀಕಂಡೀಷನ್ ಅಂದ್ರೆ ಏನೇನು ಬದಲಾಯಿಸಿದ್ದು ಅಂತ ಬಿಲ್ಲಲ್ಲಿ ಬರೆಸಿ, ನನ್ನ ಬಿಲ್ಲಲ್ಲಿ "ಬ್ಯಾಂಡ್ ಸಾ ಒಂದು" ಅಂತಷ್ಟೇ ಇದೆ.

ವೆಲ್ಡ್ ಮಾಡಿಸಿ ಓಡಿಸು ಅಂತ ಇಬ್ಬರು ಮೂವರು ಹೇಳಿದ್ರು, ಆ ವೀಲನ್ನ ನಾನು ಮತ್ತೆ ತಿರುಗಿಸಲ್ಲ, ಅದ್ರ ಮುಂದೆ ನಿಲ್ಲೋದು ನನ್ನ ಹುಡುಗರು. ಯಾರ ಹತ್ರನಾದ್ರೂ 36 ಇಂಚಿನ ಮಿಷನ್ನಿನ ಮೇಲಿನ ವೀಲ್ ಇದ್ರೆ ಶಾಫ್ಟ್ ತೂತಿನ ಅಳತೆ ಸಮೇತ ತಿಳಿಸಿ. ತುಕ್ಕು ಹಿಡಿದಿದ್ರೂ ಪರವಾಗಿಲ್ಲ, ಪೇಂಟ್ ಮಾತ್ರ ಹೊಡೀಬೇಡಿ.