‘ಲುಕಿಂಗ್’: ವರ್ಷಗಟ್ಟಲೆ ಮತ್ತೆ ಮತ್ತೆ ನೋಡಿದ ಮೇಲೆ

‘ಲುಕಿಂಗ್’ ಎಂಬ ಟಿವಿ ಸರಣಿಯ ಬಗ್ಗೆ ಕೇಳಿಬರುವ ಮೊದಲ ದೂರು ಒಂದೇ: ಇದರಲ್ಲಿ ಏನೂ ನಡೆಯುವುದಿಲ್ಲ. 2014ರ ಜನವರಿಯಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಶುರುವಾದಾಗಲೇ ಅಮೆರಿಕದ ಪ್ರೇಕ್ಷಕರು ಈ ಮಾತು ಆಡಿದ್ದರು. ಬೆಂಗಳೂರಿನಲ್ಲಿ ನಾನು ಕೂರಿಸಿಕೊಂಡು ತೋರಿಸಿದ ಗೆಳೆಯರೂ ಅದನ್ನೇ ಹೇಳಿದ್ದಾರೆ. ‘ಮೂರು ಜನ ಸೇರ್ತಾರೆ, ಕುಡೀತಾರೆ, ಮಾತಾಡ್ತಾರೆ, ಎದ್ದು ಹೋಗ್ತಾರೆ. ಕತೆ ಎಲ್ಲಿದೆ ಹೇಳೋ?’ ಅಂತ ಒಬ್ಬ ಕೇಳಿದ್ದ. ನನ್ನ ಮಟ್ಟಿಗೆ ಆ ನಿಧಾನವೇ ಈ ಸರಣಿಯ ದೊಡ್ಡ ಗುಣ. ಗೇ ಪಾತ್ರ ತೆರೆಯ ಮೇಲೆ ಬಂತೆಂದರೆ ಅದು ಸಾಯಬೇಕು, ಇಲ್ಲವೇ ನಗಿಸಬೇಕು, ಅದೂ ಇಲ್ಲವೆಂದರೆ ಅಪ್ಪ ಅಮ್ಮನ ಮುಂದೆ ನಿಂತು ಸತ್ಯ ಹೇಳಿ ಅಳಬೇಕು. ಇಲ್ಲಿ ಆ ಮೂರೂ ಕತೆಯ ಬೆನ್ನೆಲುಬಲ್ಲ. ಹೇಳುವುದೆಲ್ಲ ಹೇಳಿ ಮುಗಿದಿದೆ, ಮನೆಯವರಿಗೆ ಗೊತ್ತಿದೆ, ಕಚೇರಿಯಲ್ಲೂ ಗೊತ್ತಿದೆ. ಆಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಅನ್ನುವುದೇ ಕತೆ.

ನೋಡದವರಿಗಾಗಿ ನಾಲ್ಕು ಮಾತು. ಮೈಕಲ್ ಲಾನನ್ ರೂಪಿಸಿದ ಸರಣಿ ಇದು. ಬ್ರಿಟನ್ನಿನ ನಿರ್ದೇಶಕ ಆಂಡ್ರ್ಯೂ ಹೇಗ್ ಹಲವು ಕಂತುಗಳನ್ನು ನಿರ್ದೇಶಿಸಿದ್ದಾರೆ. ಮೊದಲ ಸೀಸನ್ನಿಗೆ 8 ಕಂತು, ಎರಡನೆಯದಕ್ಕೆ 10, ಒಂದೊಂದೂ ಸುಮಾರು ಅರ್ಧ ಗಂಟೆ. ನೋಡುವವರು ಕಡಿಮೆ ಎಂಬ ಕಾರಣಕ್ಕೆ 2015ರಲ್ಲಿ ವಾಹಿನಿ ಇದನ್ನು ನಿಲ್ಲಿಸಿತು. ಕತೆಗೆ ಮುಕ್ತಾಯ ಕೊಡಲು 2016ರಲ್ಲಿ ಒಂದು ಸಿನಿಮಾ ಬಂತು. ಜಾಗ ಸ್ಯಾನ್ ಫ್ರಾನ್ಸಿಸ್ಕೊ. ಮೂವರು ಗೆಳೆಯರು: ವಿಡಿಯೊ ಗೇಮ್ ಕಂಪನಿಯಲ್ಲಿ ದುಡಿಯುವ ಪ್ಯಾಟ್ರಿಕ್, ಕಲಾವಿದನಾಗಬೇಕೆಂದು ಹೊರಟು ನಡುವೆ ನಿಂತುಹೋದ ಅಗಸ್ಟಿನ್, ನಲವತ್ತರ ಹೊಸ್ತಿಲಲ್ಲಿ ಇನ್ನೂ ಹೋಟೆಲಿನಲ್ಲಿ ವೇಟರ್ ಆಗಿರುವ ಡಾಮ್. ಈ ಮೂವರಷ್ಟೇ ಮುಖ್ಯಳಾದವಳು ಡೋರಿಸ್, ಡಾಮ್‌ನ ಜೊತೆ ಒಂದೇ ಮನೆಯಲ್ಲಿರುವ ನರ್ಸ್. ಬಹಳ ಜನ ಅವಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭಾರತದಲ್ಲಿ ಕೂತು ಇದನ್ನು ನೋಡಿದವರ ಅಭಿಪ್ರಾಯಕ್ಕೆ ಒಂದು ಹಿನ್ನೆಲೆ ಇದೆ, ಅದನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಕಲಂ 377ನ್ನು ಎತ್ತಿಹಿಡಿದಿತ್ತು. ಸರಣಿ ಶುರುವಾದದ್ದು ಅದರ ಮುಂದಿನ ತಿಂಗಳು, ಜನವರಿ 19ರಂದು. ಪ್ಯಾಟ್ರಿಕ್ ಇರುವ ಕ್ಯಾಲಿಫೋರ್ನಿಯಾದಲ್ಲಿ ಗಂಡು ಗಂಡು ಮದುವೆಯಾಗುವುದು 2013ರ ಜೂನ್‌ನಿಂದ ಮತ್ತೆ ಶುರುವಾಗಿತ್ತು. ನಾವೋ, ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟ ಬಿಡುಗಡೆಯನ್ನು ಕಳೆದುಕೊಂಡು ಕಾನೂನಿನ ಕಣ್ಣಲ್ಲಿ ಮತ್ತೆ ಅಪರಾಧಿಗಳಾಗಿದ್ದೆವು. ನನ್ನ ಬಳಗದಲ್ಲಿ ಕೆಲವರಿಗೆ ಈ ಪಾತ್ರಗಳನ್ನು ನೋಡಿ ಸಿಟ್ಟೇ ಬಂದಿತ್ತು. ಯಾರ ಜೊತೆ ಊಟಕ್ಕೆ ಹೋಗಲಿ, ಬಾಡಿಗೆ ಹೇಗೆ ಕಟ್ಟಲಿ, ಬಾಸ್ ಮೇಲೆ ಮನಸ್ಸಾಗಿದೆ ಏನು ಮಾಡಲಿ ಎಂಬ ಅವರ ಚಿಂತೆಗಳು ಉಳ್ಳವರ ಚಿಂತೆಗಳೆಂದು ಕಂಡವು. ಆ ಸಿಟ್ಟು ನ್ಯಾಯದ್ದೇ. ನನಗೆ ಮಾತ್ರ ಆ ಸಣ್ಣ ಚಿಂತೆಗಳನ್ನು ನೋಡುವುದೇ ಒಂದು ಆಸರೆಯಾಗಿತ್ತು. ನಮ್ಮಂಥವರೂ ಬಾಡಿಗೆಯ ಬಗ್ಗೆ, ಬೋಳಾಗುತ್ತಿರುವ ತಲೆಯ ಬಗ್ಗೆ ಚಿಂತಿಸುತ್ತ ಬದುಕುವ ಊರೊಂದು ಇದೆ ಅನ್ನುವುದು ಆಗ ಸಣ್ಣ ಸಂಗತಿಯಾಗಿರಲಿಲ್ಲ.

ಆ ಕಲಂನಿಂದ ನಮ್ಮನ್ನು ಬಿಡಿಸಿದ 2018ರ ಸೆಪ್ಟೆಂಬರ್ 6ರ ತೀರ್ಪು ಬಂದ ಮೇಲೆ ಅದೇ ಗೆಳೆಯರು ಮತ್ತೆ ನೋಡಿದಾಗ ಮಾತು ಬದಲಾಯಿತು. ಕಾನೂನು ಹೋಯಿತು, ಅಳುಕು ಹೋಗಲಿಲ್ಲ. ಪ್ಯಾಟ್ರಿಕ್‌ನ ಸಮಸ್ಯೆಯೂ ಅದೇ ತಾನೆ! ಅವನನ್ನು ಯಾರೂ ಹಿಡಿದು ಜೈಲಿಗೆ ಹಾಕುವುದಿಲ್ಲ, ಮನೆಯಿಂದ ಹೊರಗೆ ಹಾಕುವುದಿಲ್ಲ. ಆದರೂ ತನಗೆ ಏನು ಬೇಕೋ ಅದನ್ನು ಬೇಕು ಅನ್ನಲು ಅವನಿಗೆ ನಾಚಿಕೆ. ಜೊನಾಥನ್ ಗ್ರಾಫ್ ಈ ನಾಚಿಕೆಯನ್ನು ಮೈಯಲ್ಲೆಲ್ಲ ತುಂಬಿಕೊಂಡು ನಟಿಸಿದ್ದಾರೆ. ಮಾತು ತಡವರಿಸುತ್ತದೆ, ಅಗತ್ಯವಿಲ್ಲದ ಕಡೆ ನಗುತ್ತಾನೆ, ಒಳ್ಳೆಯವನು ಅನ್ನಿಸಿಕೊಳ್ಳಲು ಹೋಗಿ ಎದುರಿನವರನ್ನು ನೋಯಿಸುತ್ತಾನೆ. ಪ್ಯಾಟ್ರಿಕ್‌ನನ್ನು ಕಂಡರೆ ಮೈ ಉರಿಯುತ್ತದೆ ಅನ್ನುವ ಪ್ರೇಕ್ಷಕರು ಲೆಕ್ಕವಿಲ್ಲದಷ್ಟಿದ್ದಾರೆ. ನನಗೂ ಹಲವು ದೃಶ್ಯಗಳಲ್ಲಿ ಉರಿದಿದೆ. ಎರಡನೇ ಸೀಸನ್ನಿನ ಹ್ಯಾಲೋವೀನ್ ಪಾರ್ಟಿಯಲ್ಲಿ ಕುಡಿದು ಎಲ್ಲರೆದುರು ಮಾಡುವ ಭಾಷಣವನ್ನು ನೋಡುವುದಂತೂ ಹಿಂಸೆ. ಆದರೆ ಆ ಉರಿ ಬರೆದವರ ತಪ್ಪಿನಿಂದ ಬಂದದ್ದಲ್ಲ, ಅದನ್ನು ಬೇಕೆಂದೇ ಹಚ್ಚಿದ್ದಾರೆ.

ಈಗ ರಿಚಿಯ ವಿಷಯ. ರೈಲಿನಲ್ಲಿ ಪರಿಚಯವಾಗುವ ಮೆಕ್ಸಿಕನ್ ಮೂಲದ ಹುಡುಗ. ಕೆಲಸ ಹೇರ್ ಕಟಿಂಗ್. ಕಟಿಂಗ್ ಶಾಪಿನ ಹುಡುಗನನ್ನು ಮನೆಗೆ ಕರೆದುಕೊಂಡು ಹೋಗಿ ‘ಇವನೇ ನನ್ನ ಸಂಗಾತಿ’ ಅನ್ನುವುದೆಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಮ್ಮ ಜಾತಿ ಇಲ್ಲ, ಆದರೆ ಬಣ್ಣ ಇದೆ, ಓದು ಇದೆ, ಸಂಬಳ ಇದೆ. ಪ್ಯಾಟ್ರಿಕ್‌ಗೆ ಹೋಲಿಸಿದರೆ ರಿಚಿಯ ಹತ್ತಿರ ಇವೆಲ್ಲ ಕಡಿಮೆ, ತನ್ನ ಮೇಲಿನ ಗೌರವ ಮಾತ್ರ ಹೆಚ್ಚು. ರಾವುಲ್ ಕಾಸ್ಟಿಯೊ ಈ ಪಾತ್ರವನ್ನು ಎಷ್ಟು ಸಮಾಧಾನದಿಂದ ಮಾಡಿದ್ದಾರೆಂದರೆ ರಿಚಿ ದನಿ ಎತ್ತುವುದೇ ಅಪರೂಪ. ನಂಬಿಕೆ ಕಳೆದುಕೊಂಡಾಗ ಜಗಳವಾಡುವುದಿಲ್ಲ, ಎದ್ದು ಹೋಗುತ್ತಾನೆ.

ಮೊದಲ ಸೀಸನ್ನಿನ ಐದನೇ ಕಂತು ಈ ಸರಣಿಯ ಶಿಖರ. ಹೇಗ್ ಅವರೇ ನಿರ್ದೇಶಿಸಿದ್ದು. ಬೇರೆ ಯಾವ ಪಾತ್ರಕ್ಕೂ ಅಲ್ಲಿ ಕೆಲಸವಿಲ್ಲ. ಪ್ಯಾಟ್ರಿಕ್ ಆ ದಿನ ಕೆಲಸಕ್ಕೆ ಚಕ್ಕರ್ ಹಾಕಿ ರಿಚಿಯ ಜೊತೆ ಊರು ಸುತ್ತುತ್ತಾನೆ. ತಿಂಡಿ ತಿನ್ನುತ್ತಾರೆ, ತಾರಾಲಯಕ್ಕೆ ಹೋಗುತ್ತಾರೆ, ಕಡಲ ದಂಡೆಯಲ್ಲಿ ನಡೆಯುತ್ತಾರೆ, ರಿಚಿಗೆ ಗೊತ್ತಿರುವ ಭವಿಷ್ಯ ಹೇಳುವ ಹೆಂಗಸಿನ ಹತ್ತಿರವೂ ಹೋಗುತ್ತಾರೆ. ನಡುವೆ ಮಾತು. ಹಳೆಯ ಸಂಬಂಧಗಳು, ಎಚ್‌ಐವಿಯ ಭಯ, ಹಾಸಿಗೆಯಲ್ಲಿ ಯಾರಿಗೆ ಏನಿಷ್ಟ, ಅಪ್ಪ ಅಮ್ಮ. ಹೊಸದಾಗಿ ಹತ್ತಿರವಾದ ಇಬ್ಬರು ಒಬ್ಬರನ್ನೊಬ್ಬರು ತಿಳಿದುಕೊಳ್ಳುವ ಆತುರ, ಹೆಚ್ಚು ಹೇಳಿಬಿಟ್ಟೆನೇನೋ ಎಂಬ ಅಂಜಿಕೆ, ಎರಡೂ ಒಟ್ಟಿಗೆ ಕಾಣುತ್ತವೆ. ಏನೂ ನಡೆಯುವುದಿಲ್ಲ ಅನ್ನುವವರು ಈ ಕಂತನ್ನು ಇನ್ನೊಮ್ಮೆ ನೋಡಲಿ. ಬೆಳಿಗ್ಗೆ ಇದ್ದ ಇಬ್ಬರು ಸಂಜೆಗೆ ಬೇರೆಯವರೇ ಆಗಿರುತ್ತಾರೆ, ಅದು ಯಾವ ಕ್ಷಣದಲ್ಲಾಯಿತೆಂದು ತೋರಿಸಲು ಬರುವುದಿಲ್ಲ.

ಇಷ್ಟು ಕಟ್ಟಿದ್ದನ್ನು ಮುಂದಿನೆರಡು ಕಂತುಗಳಲ್ಲಿ ಕೆಡವುತ್ತಾರೆ. ಡಾಮ್‌ನ ಹುಟ್ಟುಹಬ್ಬದ ದಿನ ಅಗಸ್ಟಿನ್ ಕೊಂಕು ಮಾತಾಡಿ ರಿಚಿಯನ್ನು ಕೀಳು ಮಾಡುತ್ತಾನೆ. ಅಗಸ್ಟಿನ್ ಕೂಡ ಲ್ಯಾಟಿನ್ ಅಮೆರಿಕ ಮೂಲದವನೇ, ಆದರೆ ದುಡ್ಡಿದ್ದ ಮನೆಯವನು. ಪ್ಯಾಟ್ರಿಕ್‌ನ ಸಹೋದರಿಯ ಮದುವೆಗೆ ಹೊರಟ ರಿಚಿ ದಾರಿಯಲ್ಲೇ ಬೇಡವೆಂದು ಹಿಂದೆ ಸರಿಯುತ್ತಾನೆ. ಮದುವೆಯಲ್ಲಿ ಅಮ್ಮನ ಜೊತೆ ನಡೆಯುವ ಮಾತು ಮುಗಿಯುವ ಹೊತ್ತಿಗೆ ಒಂದು ತಿಳಿಯುತ್ತದೆ: ಅಡ್ಡಗೋಡೆ ಇದ್ದದ್ದು ಅಮ್ಮನಲ್ಲಿ ಅಂತ ಹೇಳಿ ಮಗ ಪಾರಾಗುವಂತಿಲ್ಲ. ‘ಮನೆಯವರು ಒಪ್ಪಲ್ಲ’ ಅನ್ನುವ ಮಾತನ್ನು ನಮ್ಮಲ್ಲಿ ಎಷ್ಟು ಜನ ಗುರಾಣಿಯಂತೆ ಹಿಡಿದಿದ್ದೇವೆ! ನಿಜವಾಗಿಯೂ ಒಪ್ಪದ ಮನೆಗಳು ನಮ್ಮಲ್ಲಿ ಹೆಚ್ಚು, ಅದು ಬೇರೆ ಮಾತು. ಆದರೂ ಈ ದೃಶ್ಯ ಪ್ರತಿ ಸಲವೂ ನನಗೆ ನಾಟುತ್ತದೆ.

ಪ್ರೇಕ್ಷಕರು ಎರಡು ಪಾಳಯವಾದದ್ದು ರಿಚಿ ಮತ್ತು ಕೆವಿನ್ ವಿಷಯದಲ್ಲಿ. ಕೆವಿನ್ ಪ್ಯಾಟ್ರಿಕ್‌ನ ಬಾಸ್, ಇಂಗ್ಲೆಂಡಿನವನು, ಚುರುಕು ಮಾತಿನವನು. ಅವನಿಗೆ ಆಗಲೇ ಒಬ್ಬ ಸಂಗಾತಿ ಇದ್ದಾನೆ, ಹಾಗಾಗಿ ಎರಡನೇ ಸೀಸನ್ನಿನ ಅರ್ಧ ಭಾಗ ಕದ್ದುಮುಚ್ಚಿ ನಡೆಯುವ ಸಂಬಂಧ. ನಾನು ರಿಚಿಯ ಪಾಳಯ, ಅದರಲ್ಲಿ ಅನುಮಾನವಿಲ್ಲ. ಆದರೆ ಕೆವಿನ್‌ಗೆ ಅನ್ಯಾಯ ಮಾಡಿದ್ದಾರೆ ಅನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡನೇ ಸೀಸನ್ನಿನ ಕೊನೆಯ ಕಂತು ನೋಡಿ. ಇಬ್ಬರೂ ಹೊಸ ಮನೆಗೆ ಬಂದಿದ್ದಾರೆ. ಅಕ್ಕಪಕ್ಕದವರ ಪಾರ್ಟಿಗೆ ಹೋದಾಗ ಕೆವಿನ್ ಇನ್ನೂ ಗ್ರೈಂಡರ್ ಎಂಬ ಗೇ ಡೇಟಿಂಗ್ ಆ್ಯಪ್‌ನಲ್ಲಿದ್ದಾನೆ ಎಂದು ಪ್ಯಾಟ್ರಿಕ್‌ಗೆ ಗೊತ್ತಾಗುತ್ತದೆ. ಆಮೇಲೆ ನಡೆಯುವ ಜಗಳದಲ್ಲಿ ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಜೀವನ ಪೂರ್ತಿ ಇನ್ನೊಬ್ಬರ ಕಡೆ ಹೋಗುವುದಿಲ್ಲ ಎಂದು ಮಾತು ಕೊಡಲು ನನ್ನಿಂದಾಗದು, ಸುಳ್ಳು ಹೇಳುವುದಕ್ಕಿಂತ ಇದನ್ನು ಮೊದಲೇ ಹೇಳುವುದು ಮೇಲು ಎಂಬುದು ಕೆವಿನ್‌ನ ವಾದ. ಇನ್ನೊಬ್ಬನಿಗೆ ಮೋಸ ಮಾಡಿಯೇ ಶುರುವಾದ ಸಂಬಂಧವನ್ನು ನಂಬುವುದು ಹೇಗೆ ಎಂಬುದು ಪ್ಯಾಟ್ರಿಕ್‌ನ ಭಯ. ಕೆವಿನ್ ಆಗಿರುವ ರಸೆಲ್ ಟೋವಿ ಮತ್ತು ಗ್ರಾಫ್ ಇಬ್ಬರ ಉಸಿರಾಟ ಕೂಡ ಕೇಳಿಸುವಷ್ಟು ಹತ್ತಿರದಿಂದ ಈ ಜಗಳ ಸಾಗುತ್ತದೆ. ಸಂಬಂಧದ ನಿಯಮಗಳನ್ನು ತಾವೇ ಬರೆದುಕೊಳ್ಳಬೇಕಾದ ಇಬ್ಬರು ಗಂಡಸರ ನಡುವಿನ ಮಾತುಕತೆಯನ್ನು ಇಷ್ಟು ಗಂಭೀರವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆದರೂ ನನಗೆ ಅತಿ ಪ್ರಿಯವಾದದ್ದು ಪ್ರೇಮದ ಕತೆಗಳಲ್ಲ. ಡಾಮ್ ಮತ್ತು ಡೋರಿಸ್ ಸ್ನೇಹ. ಇಬ್ಬರೂ ಮೊಡೆಸ್ಟೊ ಎಂಬ ಊರಿನವರು, ಹೈಸ್ಕೂಲಿನಲ್ಲಿ ಜೋಡಿಯಾಗಿದ್ದವರು. ಅವನಿಗೆ ತಾನೇನೆಂದು ಗೊತ್ತಾದ ಮೇಲೂ ಒಬ್ಬರನ್ನೊಬ್ಬರು ಬಿಡದೆ ವಯಸ್ಸಾಗುತ್ತಿದ್ದಾರೆ. ಡೋರಿಸ್ ಪಾತ್ರದ ಲಾರೆನ್ ವೀಡ್‌ಮನ್ ಮೊದಲು ನಗಿಸುತ್ತಾರೆ. ಎರಡನೇ ಸೀಸನ್ನಿನ ಏಳನೇ ಕಂತಿನಲ್ಲಿ ಅವಳ ಅಪ್ಪ ತೀರಿಕೊಂಡು, ಅವಳು, ಡಾಮ್, ಪ್ಯಾಟ್ರಿಕ್ ಮೂವರೂ ಊರಿಗೆ ಹೋಗುತ್ತಾರೆ. ಸಾವಿನ ಮನೆಯಲ್ಲಿ ಬರುವ ನಗು, ಅಳು ಬರಬೇಕಾದಾಗ ಬಾರದಿರುವುದು, ದೂರದ ನೆಂಟರ ಮಾತುಗಳು, ಇವೆಲ್ಲ ಯಾವ ಊರಿನವರಿಗೂ ಪರಿಚಯದವೇ. ಅದೇ ಊರಿನಲ್ಲಿ ಡಾಮ್‌ನ ಅಪ್ಪನ ಸಮಾಧಿಯೂ ಇದೆ. ಆ ಅಪ್ಪನಿಗೆ ಮಗ ತನ್ನ ವಿಷಯ ಹೇಳುವಷ್ಟರಲ್ಲಿ ಸಮಯ ಮೀರಿಹೋಗಿತ್ತು. ಈ ಕಂತನ್ನು ನೋಡಿದ ನನ್ನ ಬಳಗದ ಒಬ್ಬ ಮರುದಿನವೇ ಊರಿಗೆ ಬಸ್ ಹತ್ತಿದ. ಅಲ್ಲಿ ಏನು ಹೇಳಿದ, ಹೇಳಲಿಲ್ಲ ಅಂತ ನಾನು ಕೇಳಿಲ್ಲ. ಮುಂದೆ ಡಾಮ್ ತೆರೆಯಲು ಹೊರಟ ಕೋಳಿ ಊಟದ ಅಂಗಡಿಗೆ ಡೋರಿಸ್‌ಳ ದುಡ್ಡು ಬೆರೆತು, ಅವರ ಸ್ನೇಹಕ್ಕೆ ಬರುವ ಪರೀಕ್ಷೆ ಯಾವ ಪ್ರೇಮಭಂಗಕ್ಕೂ ಕಡಿಮೆಯಿಲ್ಲ. ಡಾಮ್ ಆಗಿದ್ದ ಮರ್ರೆ ಬಾರ್ಟ್ಲೆಟ್‌ಗೆ 2022ರಲ್ಲಿ ಬೇರೊಂದು ಸರಣಿಗಾಗಿ ಎಮ್ಮಿ ಪ್ರಶಸ್ತಿ ಬಂದಾಗ ಇಲ್ಲಿಂದಲೇ ಅವರನ್ನು ಮೆಚ್ಚಿಕೊಂಡು ಬಂದ ನಮ್ಮಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಕೊರತೆಗಳಿವೆ. ಮೊದಲ ಸೀಸನ್ನಿನಲ್ಲಿ ಅಗಸ್ಟಿನ್ ಪಾತ್ರವನ್ನು ಸಹಿಸುವುದು ಕಷ್ಟ. ಸ್ವಾರ್ಥ, ಕೊಂಕು ಬಿಟ್ಟರೆ ಅವನಿಗೆ ಬೇರೇನೂ ಕೊಟ್ಟಿಲ್ಲ. ಎರಡನೆಯದರಲ್ಲಿ ಎಡ್ಡಿ ಬಂದ ಮೇಲೆ ಅವನು ಮನುಷ್ಯನಾಗುತ್ತಾನೆ. ಎಡ್ಡಿಗೆ ಎಚ್‌ಐವಿ ಇದೆ, ಮನೆಯಿಲ್ಲದ ಟ್ರಾನ್ಸ್ ಮಕ್ಕಳ ಆಶ್ರಯದಲ್ಲಿ ಕೆಲಸ ಮಾಡುತ್ತಾನೆ, ದಪ್ಪಗಿದ್ದಾನೆ, ನಗುನಗುತ್ತ ಇರುತ್ತಾನೆ. ಎಚ್‌ಐವಿಯನ್ನು ದುರಂತ ಮಾಡದೆ ದಿನದ ಬದುಕಿನ ಒಂದು ಸಂಗತಿಯಾಗಿ ತಂದದ್ದು ದೊಡ್ಡ ಹೆಜ್ಜೆ. ಇದರ ಪಕ್ಕದಲ್ಲಿ ಹೂವಿನ ವ್ಯಾಪಾರಿ ಲಿನ್ ಇದ್ದಾನೆ, ಹಿಂದಿನ ತಲೆಮಾರಿನವನು, ಏಡ್ಸ್‌ಗೆ ತನ್ನವರನ್ನು ಕಳೆದುಕೊಂಡವನು. ಅವನ ಬದುಕಿನ ಒಳಗೆ ಇನ್ನಷ್ಟು ಹೋಗಬಹುದಿತ್ತು, ಬೇಗ ಬಿಟ್ಟುಕೊಟ್ಟರು. ಇನ್ನು ಸ್ಯಾನ್ ಫ್ರಾನ್ಸಿಸ್ಕೊದ ಜನರಲ್ಲಿ ಮೂರರಲ್ಲೊಂದು ಪಾಲು ಏಷ್ಯಾ ಮೂಲದವರು. ಆದರೂ ಇಲ್ಲಿನ ಮುಖ್ಯ ಪಾತ್ರಗಳಲ್ಲಿ ಅಂಥವರು ಒಬ್ಬರೂ ಇಲ್ಲ. ಊರಿನ ಸುತ್ತಲಿನ ಬೇ ಏರಿಯಾದಲ್ಲಿರುವ ಅಷ್ಟೊಂದು ಭಾರತೀಯರ, ಅವರಲ್ಲಿನ ಕನ್ನಡಿಗರ ಸುಳಿವೂ ಇಲ್ಲ. ಹೆಂಗಸರನ್ನು ಪ್ರೀತಿಸುವ ಹೆಂಗಸರಂತೂ ಕಾಣಿಸುವುದೇ ಅಪರೂಪ. ಊರನ್ನು ಅಷ್ಟು ಚೆನ್ನಾಗಿ, ಅಲ್ಲಿನ ಬೀದಿಗಳಲ್ಲೇ ಚಿತ್ರೀಕರಿಸಿ ತೋರಿಸಿದವರು ಊರಿನ ಜನರನ್ನು ಅಷ್ಟು ಪೂರ್ತಿಯಾಗಿ ತೋರಿಸಲಿಲ್ಲ.

ಕೊನೆಯ ಸಿನಿಮಾ ಬೇಗ ಬೇಗ ಗಂಟು ಹಾಕಿದಂತಿದೆ, ನಿಜ. ಆದರೂ ನನಗೆ ಅದು ಬೇಕೇ ಬೇಕಿತ್ತು. ಬೇರೆ ಊರಿಗೆ ಹೋಗಿದ್ದ ಪ್ಯಾಟ್ರಿಕ್ ಅಗಸ್ಟಿನ್ ಮತ್ತು ಎಡ್ಡಿಯ ಮದುವೆಗೆಂದು ಹಿಂದಿರುಗುತ್ತಾನೆ. ಮದುವೆ ನಡೆಯುವುದು ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಹಾಲ್‌ನಲ್ಲಿ. 2004ರಲ್ಲಿ ಆ ಊರಿನ ಮೇಯರ್ ಕಾನೂನಿಗೆ ಕಾಯದೆ ಸಲಿಂಗ ಜೋಡಿಗಳ ಮದುವೆಗೆ ಬಾಗಿಲು ತೆರೆದದ್ದು ಅದೇ ಕಟ್ಟಡದಲ್ಲಿ. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಅಂಥ ಮದುವೆಗೆ ಮಾನ್ಯತೆ ಕೊಡಲು ಆಗದು ಅಂದ ವಾರ ನಾವು ಕೆಲವರು ಸೇರಿ ಈ ಸಿನಿಮಾವನ್ನೇ ಹಾಕಿಕೊಂಡು ಕೂತಿದ್ದೆವು. ನಟಿ ಟೈನ್ ಡೇಲಿ ನ್ಯಾಯಾಧೀಶೆಯಾಗಿ ಬಂದು ಮದುವೆ ಮಾಡಿಸುವ ದೃಶ್ಯಕ್ಕೆ ಯಾರೂ ಮಾತಾಡಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ನೋಡುವವರಿಗೆ ಒಂದೆರಡು ಸೂಚನೆ. ಸಿನಿಮಾವನ್ನು ಮೊದಲು ನೋಡಬೇಡಿ, ರಿಚಿ ಮತ್ತು ಕೆವಿನ್ ಇಬ್ಬರನ್ನೂ ಅರಿಯದೆ ಅದು ರುಚಿಸುವುದಿಲ್ಲ. ಹಾಸಿಗೆಯ ದೃಶ್ಯಗಳು ಸಾಕಷ್ಟಿವೆ, ಮನೆಮಂದಿಯೆಲ್ಲ ಕೂತ ಹಾಲ್‌ನಲ್ಲಿ ಹಾಕುವಂಥದ್ದಲ್ಲ. ಮಾತೆಲ್ಲ ಪಿಸುಗುಟ್ಟಿದಂತೆ, ಒಬ್ಬರ ಮೇಲೊಬ್ಬರು ಬಿದ್ದು ಬರುತ್ತದೆ, ಸಬ್‌ಟೈಟಲ್ ಹಾಕಿಕೊಳ್ಳಿ. ಮೊದಲ ಎರಡು ಕಂತು ನೋಡಿ ಬೇಸರವಾಯಿತೆಂದು ನಿಲ್ಲಿಸಬೇಡಿ, ಐದರವರೆಗಾದರೂ ಹೋಗಿ. ಅಲ್ಲಿಗೂ ಹಿಡಿಸದಿದ್ದರೆ ಬಿಟ್ಟುಬಿಡಿ, ಬಲವಂತ ಮಾಡಿಕೊಂಡು ನೋಡುವ ಸರಣಿ ಇದಲ್ಲ.