ಬ್ಯಾಕಪ್‌ಗೆ ಪೂರ್ತಿ ಅಂಕ, ರಿಕವರಿ ಪೆನ್‌ಡ್ರೈವ್‌ಗೆ ಅರ್ಧ

ಈ ಬ್ಯಾಕಪ್ ಸಾಫ್ಟ್‌ವೇರ್‌ಗೆ ವರ್ಷಾವರ್ಷ ದುಡ್ಡು ಕಟ್ಟುತ್ತಾ ಬಂದಿದ್ದೇನೆ. ಹೆಸರು ಹೇಳುವುದಿಲ್ಲ. ಯಾಕೆಂದರೆ ನಾನು ಬೈಯಲು ಹೊರಟಿರುವ ತೊಂದರೆ ಇದೊಂದರದ್ದೇ ಅಲ್ಲ. ವಿಂಡೋಸ್ ಪಿಇ (ಪೆನ್‌ಡ್ರೈವ್‌ನಿಂದಲೇ ಏಳುವ ಪುಟ್ಟ ವಿಂಡೋಸ್) ಮೇಲೆ ರಿಕವರಿ ಪೆನ್‌ಡ್ರೈವ್ ಮಾಡಿಕೊಡುವ ಯಾವ ಸಾಫ್ಟ್‌ವೇರ್‌ನಲ್ಲೂ ಇದು ಎದುರಾಗಬಹುದು. ವೇಗ, ಕಂಪ್ರೆಷನ್, ಶೆಡ್ಯೂಲ್ ಬಗ್ಗೆ ಎಲ್ಲರೂ ಬರೆದಾಗಿದೆ, ಅದನ್ನು ಬಿಡೋಣ. ಇಮೇಜ್, ಅಂದರೆ ಇಡೀ ಡಿಸ್ಕ್‌ನ ನಕಲು, ತೆಗೆಯುವುದರಲ್ಲಿ ಇದು ಒಂದು ದಿನವೂ ಸತಾಯಿಸಿಲ್ಲ. ಸತಾಯಿಸಿದ್ದು ಆ ಇಮೇಜನ್ನು ವಾಪಸ್ ಹಾಕಬೇಕಾದ ಪೆನ್‌ಡ್ರೈವ್.

ಹೊಸ ಲ್ಯಾಪ್‌ಟಾಪ್‌ಗೆ ಅಂತ ಪೆನ್‌ಡ್ರೈವ್ ಮಾಡಿದಾಗ ಎಲ್ಲ ಸರಿಯಾಗಿದೆ ಎಂದು ಹಸಿರು ಗುರುತು ಬಂತು. ಅದರಿಂದ ಬೂಟ್ ಮಾಡಿದರೆ ಸ್ಕ್ರೀನ್ ಬಂತು, ಮೌಸ್ ಓಡಿತು, ಮೆನು ತೆರೆಯಿತು. ಡಿಸ್ಕ್‌ಗಳ ಪಟ್ಟಿಯಲ್ಲಿ ಮಾತ್ರ ಪೆನ್‌ಡ್ರೈವ್ ಬಿಟ್ಟು ಬೇರೇನೂ ಇಲ್ಲ. ಒಳಗಿನ ಎಸ್‌ಎಸ್‌ಡಿ ನಾಪತ್ತೆ! ಎಸ್‌ಎಸ್‌ಡಿಗೆ ಏನೂ ಆಗಿರಲಿಲ್ಲ, ಪೆನ್‌ಡ್ರೈವ್ ಕಿತ್ತರೆ ವಿಂಡೋಸ್ ಎಂದಿನಂತೆ ಶುರುವಾಗುತ್ತಿತ್ತು. ಇದೇ ಡಿಸ್ಕ್ ನಿಜವಾಗಿ ಕೆಟ್ಟು, ಹೊಸದು ಹಾಕಿ, ಆಗಲೂ ಪಟ್ಟಿ ಖಾಲಿ ಕಂಡಿದ್ದರೆ? ಹೊಸ ಡಿಸ್ಕೂ ಕೆಟ್ಟದ್ದೇ ಬಂದಿದೆ ಅಂತ ವಾಪಸ್ ಕಳಿಸಿಬಿಡುತ್ತಿದ್ದೆನೇನೋ.

ಕಾರಣ ಇಂಟೆಲ್‌ನ ವಿಎಂಡಿ, ಅಂದರೆ ಪ್ರೊಸೆಸರ್‌ನಲ್ಲೇ ಇರುವ, ಎಸ್‌ಎಸ್‌ಡಿಗಳನ್ನು ನೋಡಿಕೊಳ್ಳುವ ಒಂದು ಕಂಟ್ರೋಲರ್. 11ನೇ ತಲೆಮಾರಿನಿಂದ ಈಚೆಗಿನ ಇಂಟೆಲ್ ಪ್ರೊಸೆಸರ್ ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಸ್ಕ್ರೀನ್) ಆನ್ ಆಗಿಯೇ ಬರುತ್ತದೆ. ಆಗ ಎಸ್‌ಎಸ್‌ಡಿ ನೇರವಾಗಿ ಕಾಣುವುದಿಲ್ಲ, ವಿಎಂಡಿ ಕಂಟ್ರೋಲರ್‌ನ ಹಿಂದೆ ಕೂತಿರುತ್ತದೆ. ಮಾಮೂಲಿ ಎನ್‌ವಿಎಂಇ ಡಿಸ್ಕ್‌ಗೆ (ಈಗಿನ ವೇಗದ ಎಸ್‌ಎಸ್‌ಡಿ) ಬೇಕಾದ ಡ್ರೈವರ್, ಅಂದರೆ ಹಾರ್ಡ್‌ವೇರನ್ನು ವಿಂಡೋಸ್‌ಗೆ ಪರಿಚಯಿಸುವ ಸಾಫ್ಟ್‌ವೇರ್, ಪಿಇಯಲ್ಲೇ ಇದೆ. ವಿಎಂಡಿಯದ್ದು ನನ್ನ ಪೆನ್‌ಡ್ರೈವ್‌ಗೆ ಬಂದ ಪಿಇಯಲ್ಲಿ ಇರಲಿಲ್ಲ.

ನನಗೆ ಸಿಟ್ಟು ಬಂದಿದ್ದು ಡ್ರೈವರ್ ಇಲ್ಲದ್ದಕ್ಕಲ್ಲ. ಪೆನ್‌ಡ್ರೈವ್ ಮಾಡುವಾಗ ಈ ಸಾಫ್ಟ್‌ವೇರ್ ಓಡುತ್ತಿದ್ದದ್ದು ಅದೇ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿ ವಿಎಂಡಿ ಡ್ರೈವರ್ ಆ ಹೊತ್ತಿಗೂ ಕೆಲಸ ಮಾಡುತ್ತಿತ್ತು, ಇಲ್ಲದಿದ್ದರೆ ವಿಂಡೋಸೇ ಏಳುತ್ತಿರಲಿಲ್ಲ. ಕಣ್ಣೆದುರಿಗೇ ಇರುವುದನ್ನು ಎತ್ತಿಕೊಂಡು ಪೆನ್‌ಡ್ರೈವ್‌ಗೆ ಹಾಕಲು ಏನು ಕಷ್ಟ? ಹೋಗಲಿ, ಡ್ರೈವರ್ ಸಿಗಲಿಲ್ಲ ಅಂತ ಹೇಳಬಹುದಿತ್ತು, ಅಲ್ವಾ? ಹೇಳಿದೆ ಕೂಡ! 'ಅಡ್ವಾನ್ಸ್‌ಡ್' ಬಟನ್ ಒತ್ತಿ, ಒಳಗಿನ ಇನ್ನೊಂದು ಟ್ಯಾಬ್‌ಗೆ ಹೋದರೆ ಕಂಟ್ರೋಲರ್ ಹೆಸರಿನ ಮುಂದೆ ಸಣ್ಣದೊಂದು ಹಳದಿ ಗುರುತು ಇದೆ. ಮೊದಲ ಪುಟದಲ್ಲಿ ಮಾತ್ರ ಹಸಿರೋ ಹಸಿರು.

ಸಹಾಯ ಕೇಳಿ ಬರೆದೆ. ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ ಅಂತ ಉತ್ತರ ಬಂತು. ಯಾರಾದರೂ ಹೀಗೆ ಹೇಳಿದರೆ ಅವಸರಪಡಬೇಡಿ. ಆಫ್ ಮಾಡಿದರೆ ಪೆನ್‌ಡ್ರೈವ್‌ಗೆ ಡಿಸ್ಕ್ ಕಾಣುತ್ತದೆ, ನಿಜ. ಆದರೆ ಈಗಾಗಲೇ ಇರುವ ವಿಂಡೋಸ್ ವಿಎಂಡಿಗೆ ಒಗ್ಗಿಕೊಂಡಿರುತ್ತದೆ. ಸಿದ್ಧತೆ ಇಲ್ಲದೆ ಬದಲಿಸಿದರೆ ಬೂಟ್ ಡಿಸ್ಕ್ ಸಿಗುತ್ತಿಲ್ಲ ಎನ್ನುವ ನೀಲಿ ಪರದೆ ಬರಬಹುದು. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನೂ ಕೇಳೀತು. ಒಂದು ಡ್ರೈವರ್ ಸೇರಿಸುವ ಕೆಲಸಕ್ಕೆ ಇಷ್ಟೆಲ್ಲ ಯಾಕೆ ಬೇಕು?

ಅಸಲಿಗೆ ಸೇರಿಸುವುದು ಕಷ್ಟವೇ ಅಲ್ಲ. ಯಾವ ಫೈಲ್ ಕೊಡಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ, ಅಷ್ಟೇ. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಇಎಕ್ಸ್‌ಇ ಫೈಲ್. ಅದನ್ನು ಹಾಗೇ ತೋರಿಸಿದರೆ ಪ್ರಯೋಜನವಿಲ್ಲ. ಒಳಗಿರುವ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಮೂರೂ ಬಿಚ್ಚಿಕೊಂಡು ಒಂದೇ ಫೋಲ್ಡರ್‌ನಲ್ಲಿ ಇರಬೇಕು. ಐಎನ್‌ಎಫ್ ಅನ್ನೋದು ಈ ಡ್ರೈವರ್ ಯಾವ ಹಾರ್ಡ್‌ವೇರ್‌ಗೆ ಅಂತ ಹೇಳುವ ಫೈಲ್, ಎಸ್‌ವೈಎಸ್ ಡ್ರೈವರ್ರೇ, ಸಿಎಟಿಯಲ್ಲಿ ಅದರ ಡಿಜಿಟಲ್ ಸಹಿ. 64 ಬಿಟ್ ಪಿಇಗೆ 64 ಬಿಟ್ ಡ್ರೈವರ್ರೇ ಬೇಕು.

ನಾನು ಡೌನ್‌ಲೋಡ್ ಗೋಜಿಗೇ ಹೋಗಲಿಲ್ಲ. ವಿಂಡೋಸ್‌ನಲ್ಲೇ ಇರುವ ಪಿಎನ್‌ಪಿಯುಟಿಲ್ ಅನ್ನುವ ಕಮಾಂಡ್, ಕಂಪ್ಯೂಟರ್‌ಗೆ ಹೊರಗಿನಿಂದ ಹಾಕಿರುವ ಡ್ರೈವರ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಎತ್ತಿ ಕೊಡುತ್ತದೆ. ಅಡ್ಮಿನ್ ಆಗಿ ಓಡಿಸಬೇಕು, ಅಷ್ಟೇ. ಅದರಲ್ಲಿ ವಿಎಂಡಿಯದ್ದು ಮತ್ತು ನೆಟ್‌ವರ್ಕ್‌ನದ್ದು ಮಾತ್ರ ಆರಿಸಿಕೊಂಡೆ. ಯಾವುದು ಯಾವುದು ಅಂತ ಗೊತ್ತಾಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಂಟ್ರೋಲರ್‌ನ ಹಾರ್ಡ್‌ವೇರ್ ಐಡಿ ನೋಡಿ, ಅದೇ ಐಡಿ ಐಎನ್‌ಎಫ್ ಒಳಗೂ ಇದೆಯಾ ಅಂತ ನೋಟ್‌ಪ್ಯಾಡ್‌ನಲ್ಲಿ ಹುಡುಕಿ. ಇಂಟೆಲ್ ಹಾರ್ಡ್‌ವೇರ್ ಆದರೆ ಐಡಿಯಲ್ಲಿ 8086 ಅಂತ ಇರುತ್ತದೆ. ಸುಮ್ನೆ ಇರಲಿ ಅಂತ ಎಲ್ಲವನ್ನೂ ತುಂಬಬೇಡಿ. ಪಿಇ ಪೂರ್ತಿ ರ್‍ಯಾಮ್‌ಗೆ ಏರಿ ಓಡುವಂಥದ್ದು. ಗ್ರಾಫಿಕ್ಸ್, ಸೌಂಡ್, ಪ್ರಿಂಟರ್ ಡ್ರೈವರ್‌ಗಳಿಗೆ ಅಲ್ಲಿ ಕೆಲಸವಿಲ್ಲ, ಬೂಟ್ ಮಾತ್ರ ನಿಧಾನವಾಗುತ್ತದೆ.

ಇಷ್ಟು ಹೊತ್ತು ಬೈದೆ. ಈಗ ಇದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ. ರಿಕವರಿ ಸ್ಕ್ರೀನ್‌ನ ಮೂಲೆಯಲ್ಲಿ 'ಲೋಡ್ ಡ್ರೈವರ್' ಅಂತ ಒಂದು ಬಟನ್ ಇದೆ. ಅದನ್ನು ಒತ್ತಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿದ್ದ ಐಎನ್‌ಎಫ್ ತೋರಿಸಿದೆ. ರೀಬೂಟ್ ಇಲ್ಲ, ಏನಿಲ್ಲ, ಖಾಲಿ ಇದ್ದ ಪಟ್ಟಿಯಲ್ಲಿ ಎಸ್‌ಎಸ್‌ಡಿ ಪಾರ್ಟಿಷನ್‌ಗಳ ಸಮೇತ ಬಂದು ಕೂತಿತು! ಪಿಇಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಆರ್‌ವಿಲೋಡ್ ಅಂತ ಕೊಟ್ಟರೂ ಇದೇ ಆಗುತ್ತದೆ. ಆದರೆ ಹೀಗೆ ಹಾಕಿದ ಡ್ರೈವರ್ ಆ ಸಲಕ್ಕೆ ಮಾತ್ರ, ಆಫ್ ಮಾಡಿದರೆ ಹೋಯಿತು. ಕಾಯಂ ಆಗಿ ಇರಬೇಕಾದರೆ ಪೆನ್‌ಡ್ರೈವ್ ಮಾಡುವಾಗಲೇ ಸೇರಿಸಬೇಕು. ನಾನು ಎರಡೂ ಮಾಡುತ್ತೇನೆ. ಒಳಗೆ ಸೇರಿಸಿರುತ್ತೇನೆ, ಜೊತೆಗೆ ಅದೇ ಪೆನ್‌ಡ್ರೈವ್‌ನಲ್ಲಿ 'ಡ್ರೈವರ್' ಅಂತ ಒಂದು ಫೋಲ್ಡರ್ ಇಟ್ಟು ಫೈಲ್‌ಗಳನ್ನು ಬಿಡಿಯಾಗಿಯೂ ಹಾಕಿರುತ್ತೇನೆ.

ಈಗ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಇದೊಂದು ಅಭ್ಯಾಸವೇ ಆಗಿಬಿಟ್ಟಿದೆ. ಪೆನ್‌ಡ್ರೈವ್ ಚುಚ್ಚಿ, ಬೂಟ್ ಮೆನುವಿನಲ್ಲಿ ಅದನ್ನು ಆರಿಸುತ್ತೇನೆ. ಪಿಇ ಏಳಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಲ್ಯಾಪ್‌ಟಾಪ್ ಸ್ಕ್ರೀನ್ ಒರೆಸುತ್ತೇನೆ. ಮೊದಲು ಎಸ್‌ಎಸ್‌ಡಿಯ ಮಾಡೆಲ್ ಹೆಸರು ಕಾಣುತ್ತದಾ ಅಂತ ನೋಡುತ್ತೇನೆ. ಆಮೇಲೆ ನಾಸ್‌ನ (ಬ್ಯಾಕಪ್ ಇಟ್ಟಿರುವ, ನೆಟ್‌ವರ್ಕ್‌ಗೆ ಸೇರಿಸಿದ ಸ್ಟೋರೇಜ್ ಪೆಟ್ಟಿಗೆ) ಐಪಿ ವಿಳಾಸ ಹಾಕಿ, ಇತ್ತೀಚಿನ ಇಮೇಜ್ ತೆರೆದು, ಅದರಲ್ಲಿ ಯಾವುದೋ ಒಂದು ಫೋಟೋ ಫೋಲ್ಡರ್ ತನಕ ಹೋಗುತ್ತೇನೆ. ರಿಸ್ಟೋರ್ ಒತ್ತುವುದಿಲ್ಲ. ಶಟ್‌ಡೌನ್ ಮಾಡಿ, ಪೆನ್‌ಡ್ರೈವ್‌ಗೆ ಕಟ್ಟಿರುವ ಚೀಟಿಯಲ್ಲಿ ತಾರೀಕು ಬರೆದು ಡ್ರಾಯರ್‌ಗೆ ಹಾಕುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ನಾಸ್ ಅಂದೆನಲ್ಲ, ಅಲ್ಲಿ ಇನ್ನೊಂದು ಗೋಳಿದೆ. ಈ ಪೆನ್‌ಡ್ರೈವ್‌ನಲ್ಲಿ ವೈಫೈ ಇಲ್ಲ. ನನ್ನ ಲ್ಯಾಪ್‌ಟಾಪ್‌ಗೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್ ಇಲ್ಲ. ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಬೇಕು, ಅದಕ್ಕೂ ಡ್ರೈವರ್ ಬೇಕು. ಈಚಿನ ಒಂದು ಅಪ್‌ಡೇಟ್‌ನಲ್ಲಿ 'ಈ ಕಂಪ್ಯೂಟರ್‌ನ ಡ್ರೈವರ್‌ಗಳನ್ನು ಸೇರಿಸು' ಅನ್ನುವ ಟಿಕ್ ಕೊನೆಗೂ ಬಂತು. ವಿಎಂಡಿಯನ್ನು ತಾನೇ ಹುಡುಕಿ ಹಾಕಿಕೊಂಡಿತು, ಶಭಾಷ್. ಲ್ಯಾನ್ ಅಡಾಪ್ಟರ್ ಮಾತ್ರ ಬಿಟ್ಟುಹೋಗಿತ್ತು. ಪೆನ್‌ಡ್ರೈವ್ ಮಾಡುವ ಹೊತ್ತಿಗೆ ಅದು ಚುಚ್ಚಿರಲಿಲ್ಲ, ಚುಚ್ಚಿರುವುದನ್ನಷ್ಟೇ ಅದು ನೋಡುತ್ತದಂತೆ. ಹಾಗಾಗಿ ಪೆನ್‌ಡ್ರೈವ್ ಮಾಡುವ ಮುಂಚೆ ಡಾಕ್, ಅಡಾಪ್ಟರ್ ಎಲ್ಲ ಹಾಕಿಕೊಂಡು ಕೂರಿ. ಬ್ಯಾಕಪ್ ಇಡುವುದು ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಲ್ಲಾದರೆ ನಿಮಗೆ ಈ ತಲೆನೋವಿಲ್ಲ.

ಕಂಪನಿಯವರು ಜಾಸ್ತಿ ಬೆಲೆಯ ಎಡಿಷನ್‌ಗೆ ಬನ್ನಿ ಅಂತ ಮೇಲ್ ಕಳಿಸುತ್ತಲೇ ಇರುತ್ತಾರೆ. ಅದರಲ್ಲಿ ಬೇರೆ ಹಾರ್ಡ್‌ವೇರ್‌ಗೆ ರಿಸ್ಟೋರ್ ಮಾಡುವ ಸೌಲಭ್ಯ ಇದೆ. ಅದು ಬೇರೆಯದೇ ಕೆಲಸ. ಅಲ್ಲಿ ಡ್ರೈವರ್ ಹೋಗುವುದು ರಿಸ್ಟೋರ್ ಆದ ವಿಂಡೋಸ್ ಒಳಗೆ, ಪೆನ್‌ಡ್ರೈವ್ ಒಳಗಲ್ಲ. ಕಂಪ್ಯೂಟರ್ ಬದಲಿಸಿದಾಗ ನಾನು ವಿಂಡೋಸನ್ನು ಹೊಸದಾಗಿಯೇ ಹಾಕಿಕೊಳ್ಳುವವನು. ಅದಕ್ಕೆಂದು ಹೆಚ್ಚು ದುಡ್ಡು ಕೊಡಲು ನನಗೆ ಮನಸ್ಸಿಲ್ಲ, ಕಡಿಮೆ ಬೆಲೆಯದ್ದೇ ಸಾಕು.

ನನ್ನ ಕಡೆಯಿಂದ ಐದಕ್ಕೆ ಮೂರೂವರೆ. ಆ ಹಳದಿ ಗುರುತನ್ನು ಮೊದಲ ಪುಟಕ್ಕೆ ತಂದರೆ ನಾಲ್ಕು ಕೊಡುತ್ತೇನೆ. ಮುಂದಿನ ವರ್ಷದ ದುಡ್ಡಂತೂ ಆಗಲೇ ಕಟ್ಟಿದ್ದೇನೆ.